ಕತ್ತಲೆಗೊಂದು ಕಿತ್ತಳೆ

ನೀವು ಕೇಳಿದ್ದು ಇಷ್ಟು. ಯಜಮಾನರಿಗೆ ಉತ್ತರ ನಾರ್ವೆಯ ಟ್ರೊಮ್ಸೊದ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದೆ, ಅಕ್ಟೋಬರ್‌ನಲ್ಲಿ ದಾವಣಗೆರೆಯಿಂದ ಇಲ್ಲಿಗೆ ಬರುತ್ತಿದ್ದೀರಿ. ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು. "ಅಕ್ಕಾ, ಎರಡು ತಿಂಗಳು ಸೂರ್ಯನೇ ಇಲ್ಲದ ಊರಲ್ಲಿ ಮಕ್ಕಳು ಹೇಗಿರುತ್ತಾರೆ? ಅವರಿಗೆ ಇದನ್ನೆಲ್ಲ ಹೇಗೆ ಹೇಳೋದು? ಆ ಹಸಿರು ಬೆಳಕು ದಿನಾ ಕಾಣುತ್ತಾ?" ಅಂತ ಕೇಳಿದ್ದೀರಿ.

ನೇರವಾಗಿ ಹೇಳಿಬಿಡುತ್ತೇನೆ. ಕತ್ತಲೆಯ ಚಿಂತೆ ದೊಡ್ಡವರದು. ಮಕ್ಕಳಿಗೆ ಅದು ನಮ್ಮ ಮುಖ ನೋಡಿಯೇ ಅಂಟುವುದು. ನೀವು ಮಧ್ಯಾಹ್ನ ಎರಡು ಗಂಟೆಗೆ ಕಿಟಕಿ ಹತ್ತಿರ ನಿಂತು "ಅಯ್ಯೋ, ಆಗಲೇ ಕತ್ತಲಾಯ್ತು" ಅಂತ ದಿನಾ ನಿಟ್ಟುಸಿರು ಬಿಟ್ಟರೆ ನಾಲ್ಕು ವರ್ಷದ ಮಗು ಅದನ್ನೇ ಕಲಿಯುತ್ತದೆ. ಟಾರ್ಚ್ ಕೈಗೆ ಕೊಟ್ಟು ಹೊರಗೆ ಕರೆದುಕೊಂಡು ಹೋದರೆ ಅದಕ್ಕೆ ಕತ್ತಲೆ ಅಂದರೆ ಆಟ. ಕಣ್ಣಾಮುಚ್ಚಾಲೆಗೆ ಇಷ್ಟು ಅನುಕೂಲವಾದ ಊರು ಇನ್ನೊಂದಿಲ್ಲ.

ಲೆಕ್ಕ ಹೀಗಿದೆ. ಸುಮಾರು ನವೆಂಬರ್ 27ರಿಂದ ಜನವರಿ 15ರವರೆಗೆ ಸೂರ್ಯ ದಿಗಂತದ ಮೇಲೆ ಬರುವುದಿಲ್ಲ. ಸುತ್ತ ಬೆಟ್ಟಗಳಿರುವುದರಿಂದ ಊರಿನವರ ಕಣ್ಣಿಗೆ ಬೀಳುವುದು ಜನವರಿ 21ರ ಹೊತ್ತಿಗೆ. ಹಾಗಂತ ಇಡೀ ದಿನ ಕಗ್ಗತ್ತಲು ಇರುತ್ತದೆ ಅಂದುಕೊಳ್ಳಬೇಡಿ. ಡಿಸೆಂಬರ್ 21ರ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಬರೀ ಮೂರು ಡಿಗ್ರಿ ಕೆಳಗಿರುತ್ತಾನೆ. ಮೋಡ ಇಲ್ಲದಿದ್ದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ನೀಲಿ ಬೆಳಕು ಹರಡುತ್ತದೆ, ದಕ್ಷಿಣದ ಆಕಾಶ ಗುಲಾಬಿಯಾಗುತ್ತದೆ, ಮಧ್ಯಾಹ್ನ ಎರಡರೊಳಗೆ ಎಲ್ಲ ಮುಗಿಯುತ್ತದೆ. ಶನಿವಾರ ಭಾನುವಾರ ಆ ಮೂರ್ನಾಲ್ಕು ಗಂಟೆಯನ್ನು ಒಳಗೆ ಕಳೆಯಬೇಡಿ. ಅಡುಗೆ ಆಮೇಲೆ ಮಾಡಿಕೊಳ್ಳಬಹುದು. ಫ್ಲಾಸ್ಕಿನಲ್ಲಿ ಹಾಲು, ಡಬ್ಬಿಯಲ್ಲಿ ಚಪಾತಿ ಸುತ್ತಿಕೊಂಡು ಹೊರಟರೆ ಆಯಿತು.

ವಾರದ ದಿನಗಳಲ್ಲಿ ಆ ಕೆಲಸವನ್ನು ಶಾಲೆಯವರೇ ಮಾಡುತ್ತಾರೆ. ಇಲ್ಲಿ ಆರು ತುಂಬುವ ವರ್ಷದ ಆಗಸ್ಟ್‌ನಲ್ಲಿ ಶಾಲೆ ಶುರು. ಅದಕ್ಕಿಂತ ಚಿಕ್ಕವರು ಬಾರ್ನೆಹಾಗೆ ಅನ್ನುವ ಶಿಶುವಿಹಾರಕ್ಕೆ ಹೋಗುತ್ತಾರೆ. ಮಳೆ, ಹಿಮ, ಕತ್ತಲೆ ಏನೇ ಇರಲಿ, ಮಕ್ಕಳನ್ನು ಹೊರಗೆ ಬಿಡುತ್ತಾರೆ. ಮೊದಲ ವಾರ ನಿಮ್ಮ ಹೊಟ್ಟೆ ಚುರ್ ಅನ್ನುತ್ತದೆ. ಆದರೆ ಮಕ್ಕಳು ಹಿಮದಲ್ಲಿ ಹೊರಳಾಡಿ ಕೆಂಪು ಮೂಗಿನಲ್ಲಿ ನಗುತ್ತಿರುತ್ತಾರೆ. ಮೈಗೆ ತಾಗುವ ಬಟ್ಟೆ ಉಣ್ಣೆಯದೇ ಆಗಿರಲಿ. ಹತ್ತಿ ಬೇಡ, ಒದ್ದೆಯಾದರೆ ಚಳಿ ಹಿಡಿಯುತ್ತದೆ. ಊರಿಂದ ಸ್ವೆಟರ್ ಹೊತ್ತು ತರಬೇಡಿ, ಇಲ್ಲಿ ಸೆಕೆಂಡ್ ಹ್ಯಾಂಡ್ ಮಕ್ಕಳ ಬಟ್ಟೆ ಚೆನ್ನಾಗಿಯೇ ಸಿಗುತ್ತದೆ. ಸಮುದ್ರದ ಬಿಸಿ ಪ್ರವಾಹ ಹತ್ತಿರ ಇರುವುದರಿಂದ ಈ ಊರಿನ ಚಳಿ ನೀವು ಹೆದರಿದಷ್ಟು ಇಲ್ಲ. ಹಿಮ ಕರಗಿ ಮತ್ತೆ ಗಟ್ಟಿಯಾದಾಗ ಕಾಲು ಜಾರುತ್ತದಲ್ಲ, ಅದೇ ನಿಜವಾದ ತಲೆನೋವು. ಬೂಟಿಗೆ ಹಾಕುವ ಮುಳ್ಳುಪಟ್ಟಿ ನಿಮಗೂ ಬೇಕು.

ಈಗ ಕಿತ್ತಳೆಗೆ ಬರೋಣ. ಇಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಕಿತ್ತಳೆಗೆ ಲವಂಗ ಚುಚ್ಚಿ ಮನೆ ಅಲಂಕಾರ ಮಾಡುತ್ತಾರೆ. ಸೂರ್ಯ ಯಾಕೆ ಬರುವುದಿಲ್ಲ ಅನ್ನುವ ಪಾಠಕ್ಕೂ ಅದೇ ಸಾಕು. ಕಿತ್ತಳೆಯ ನಡುವೆ ಒಂದು ಕಡ್ಡಿ ತೂರಿಸಿ. ತೊಟ್ಟಿನ ಹತ್ತಿರ ಒಂದು ಲವಂಗ ಚುಚ್ಚಿ, ಅದು ಟ್ರೊಮ್ಸೊ. ಹೊಟ್ಟೆಗಿಂತ ಸ್ವಲ್ಪ ಮೇಲೆ ಇನ್ನೊಂದು, ಅದು ದಾವಣಗೆರೆ. ಕೋಣೆ ಕತ್ತಲೆ ಮಾಡಿ, ನಡುವೆ ಶೇಡ್ ಇಲ್ಲದ ಒಂದು ಟೇಬಲ್ ಲ್ಯಾಂಪ್ ಇಡಿ. ದೀಪ ಸೂರ್ಯ, ಕಿತ್ತಳೆ ಭೂಮಿ. ತೊಟ್ಟು ದೀಪದಿಂದ ಆಚೆಗೆ ವಾಲುವಂತೆ ಹಿಡಿದು ಕಿತ್ತಳೆಯನ್ನು ತಿರುಗಿಸಿ. ದಾವಣಗೆರೆ ಬೆಳಕಿಗೆ ಬರುತ್ತದೆ, ಹೋಗುತ್ತದೆ. ಟ್ರೊಮ್ಸೊ ಎಷ್ಟು ಸುತ್ತಿದರೂ ನೆರಳಲ್ಲೇ. ಅದು ಡಿಸೆಂಬರ್. ಆಮೇಲೆ ದೀಪದ ಇನ್ನೊಂದು ಬದಿಗೆ ನಡೆದುಹೋಗಿ. ಆದರೆ ತೊಟ್ಟು ಮಾತ್ರ ಮೊದಲು ತೋರಿಸುತ್ತಿದ್ದ ಗೋಡೆಯನ್ನೇ ತೋರಿಸುತ್ತಿರಬೇಕು. ಎಲ್ಲರೂ ಎಡವುವುದು ಇಲ್ಲೇ, ನಡೆಯುತ್ತಾ ಕೈ ತಾನಾಗಿ ತಿರುಗಿಬಿಡುತ್ತದೆ. ಸರಿಯಾಗಿ ಹಿಡಿದರೆ ಈಗ ಟ್ರೊಮ್ಸೊ ಎಷ್ಟು ಸುತ್ತಿದರೂ ಬೆಳಕಲ್ಲೇ. ಅದು ಜೂನ್, ಇಲ್ಲಿ ನಡುರಾತ್ರಿಯೂ ಸೂರ್ಯ ಇರುವ ಕಾಲ. ಆರು ವರ್ಷದವನಿಗೆ ಇದು ಅರ್ಥವಾಗುತ್ತದೆ. ನಾಲ್ಕು ವರ್ಷದವಳು ಕಿತ್ತಳೆ ತಿನ್ನುತ್ತಾಳೆ, ಅದೂ ಸರಿಯೇ.

ಇದೇ ಆಟದಲ್ಲಿ ಚಂದಮಾಮನನ್ನೂ ಸೇರಿಸಿಕೊಳ್ಳಿ. ಕಿತ್ತಳೆಯನ್ನು ಮತ್ತೆ ಡಿಸೆಂಬರ್ ಜಾಗಕ್ಕೆ ತನ್ನಿ. ಅದರ ಈಚೆ, ದೀಪದ ಎದುರು ದಿಕ್ಕಿನಲ್ಲಿ ಮಗಳು ಚೆಂಡು ಹಿಡಿದು ನಿಲ್ಲಲಿ, ಅದು ಚಂದ್ರ. ತೊಟ್ಟು ಸೂರ್ಯನಿಗೆ ಬೆನ್ನು ಹಾಕಿದೆ ಅಂದರೆ ಹುಣ್ಣಿಮೆ ಚಂದ್ರನಿಗೆ ಮುಖ ಮಾಡಿದೆ ಅಂತ ಅಲ್ವಾ? ಅದಕ್ಕೇ ಈಗಿನ ವರ್ಷಗಳಲ್ಲಿ ಡಿಸೆಂಬರ್ ಹುಣ್ಣಿಮೆಯ ಆಸುಪಾಸು ಇಲ್ಲಿ ಚಂದ್ರ ಕೆಲವು ದಿನ ಮುಳುಗುವುದೇ ಇಲ್ಲ. ಆಕಾಶದಲ್ಲಿ ಸುಮ್ನೆ ಸುತ್ತು ಹೊಡೆಯುತ್ತಿರುತ್ತಾನೆ. ಚಂದಮಾಮನನ್ನು ತೋರಿಸಿ ತುತ್ತು ಕೊಡುವ ಅಭ್ಯಾಸ ಇದ್ದರೆ ಬೆಳಿಗ್ಗೆ ತಿಂಡಿಗೂ ಅವನೇ, ಮಧ್ಯಾಹ್ನ ಊಟಕ್ಕೂ ಅವನೇ.

ನೀವು ಕೇಳಿದ ಹಸಿರು ಬೆಳಕು, ಅಂದರೆ ಅರೋರಾ ವಿಷಯಕ್ಕೆ ಬಂದರೆ, ಮಕ್ಕಳಿಗೆ "ಇವತ್ತು ರಾತ್ರಿ ತೋರಿಸುತ್ತೇನೆ" ಅಂತ ಮಾತು ಕೊಡಬೇಡಿ. ಅದು ನಮ್ಮ ಕೈಯಲ್ಲಿಲ್ಲ. ಟ್ರೊಮ್ಸೊ ಧ್ರುವದ ಸುತ್ತ ಅರೋರಾ ಮೂಡುವ ಪಟ್ಟಿಯ ಕೆಳಗೇ ಇದೆ, ಹಾಗಾಗಿ ಸೆಪ್ಟೆಂಬರ್‌ನಿಂದ ಏಪ್ರಿಲ್ ಶುರುವಿನವರೆಗೆ ಸಣ್ಣಪುಟ್ಟ ಚಟುವಟಿಕೆ ಇದ್ದರೂ ಕಾಣುತ್ತದೆ. ಅಡ್ಡ ಬರುವುದು ಮೋಡ. ಮೊಬೈಲ್‌ನಲ್ಲಿ ಅರೋರಾ ಚಟುವಟಿಕೆ ಎಷ್ಟು ಜೋರು ಅಂತ ಹೇಳುವ ಕೆಪಿ ಅಂಕಿ ನೋಡುತ್ತಾ ಕೂರುವುದಕ್ಕಿಂತ ಹೊರಗೆ ಬಂದು ನಕ್ಷತ್ರ ಇದೆಯಾ ನೋಡಿ. ಇನ್ನೊಂದು ಮಾತು. ಫೋಟೋದಲ್ಲಿ ಇರುವಷ್ಟು ಹಸಿರು ಕಣ್ಣಿಗೆ ಕಾಣುವುದಿಲ್ಲ. ಮಂದವಾಗಿದ್ದಾಗ ಅದು ಬೂದು ಮೋಡದ ಎಳೆಯಂತೆಯೇ ಇರುತ್ತದೆ. ಫೋಟೋ ನೋಡಿ ಬಂದ ಮಕ್ಕಳಿಗೆ "ಇಷ್ಟೇನಾ?" ಅನ್ನಿಸುತ್ತದೆ. ಅದಕ್ಕೆ ನಾವು ಮನೆಯಲ್ಲಿ "ಮೋಡವಾ ಅರೋರಾವಾ" ಅಂತ ಒಂದು ಆಟ ಆಡುತ್ತೇವೆ. ಎಳೆಯ ಹಿಂದೆ ನಕ್ಷತ್ರ ಕಂಡರೆ ಅರೋರಾ, ಮುಚ್ಚಿಹೋದರೆ ಮೋಡ. ಯಾರು ಮೊದಲು ಹೇಳುತ್ತಾರೋ ಅವರಿಗೆ ಬಿಸಿ ಚಾಕಲೇಟ್ ಮೊದಲು. ಜೋರಾದ ಅರೋರಾ ಬಂದ ದಿನ ಯಾರೂ ಕೇಳಬೇಕಾಗಿಲ್ಲ, ಆಕಾಶವೇ ಓಡಾಡುತ್ತಿರುತ್ತದೆ.

ಮಕ್ಕಳನ್ನು ನಡುರಾತ್ರಿ ಎಬ್ಬಿಸಲೂ ಬೇಕಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಪೂರ್ತಿ ಕತ್ತಲೆ, ಬಾರ್ನೆಹಾಗೆಯಿಂದ ವಾಪಸ್ ಬರುವಾಗಲೇ ತಲೆ ಮೇಲೆ ಕಂಡಿದ್ದುಂಟು. ಪ್ರವಾಸಿಗರ ಮಿನಿಬಸ್ಸಿಗೆ ದುಡ್ಡು ಸುರಿಯಬೇಡಿ. ಗಂಟೆಗಟ್ಟಲೆ ಕೂರಿಸಿ ಮಕ್ಕಳನ್ನು ಅಳಿಸುವುದಕ್ಕೆ ಅಷ್ಟೊಂದು ಖರ್ಚು ಯಾಕೆ? ಊರಿರುವ ದ್ವೀಪದ ಮೇಲೆಯೇ ಪ್ರೆಸ್ಟ್‌ವಾನೆ ಅನ್ನುವ ಕೆರೆ ಇದೆ, ಬೀದಿದೀಪ ಕಡಿಮೆ. ಅಲ್ಲಿಗೆ ಹೋದರೆ ಸಾಕು.

"ಅದು ಹೇಗೆ ಬರುತ್ತೆ?" ಅಂತ ಮಗ ಕೇಳೇ ಕೇಳುತ್ತಾನೆ. ಸೂರ್ಯನಿಂದ ಸಣ್ಣ ಸಣ್ಣ ಕಣಗಳು ಹೊರಡುತ್ತವೆ, ಭೂಮಿ ಒಂದು ದೊಡ್ಡ ಅಯಸ್ಕಾಂತ, ಅದು ಆ ಕಣಗಳನ್ನು ಎರಡು ಧ್ರುವಗಳ ಕಡೆ ತಿರುಗಿಸುತ್ತದೆ, ಅವು ಮೇಲಿನ ಗಾಳಿಗೆ ಡಿಕ್ಕಿ ಹೊಡೆದಾಗ ಗಾಳಿ ಬೆಳಗುತ್ತದೆ. ಇಷ್ಟು ಹೇಳಿದರೆ ಚಿಕ್ಕವರಿಗೆ ಸಾಕು. ಬಣ್ಣಕ್ಕೆ ಮಾತ್ರ ಒಂದು ಒಳ್ಳೆಯ ಆಟ ಇದೆ, ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಸ್ಟ್ಯಾಚೂ. ಐದಾರು ಮಕ್ಕಳು ಸೇರಿದ ಹುಟ್ಟುಹಬ್ಬಕ್ಕೆ ಹೇಳಿ ಮಾಡಿಸಿದ್ದು.

ನೆಲಕ್ಕೆ ಒಂದು ಟೇಪ್ ಅಂಟಿಸಿ. ಟೇಪಿನ ಈಚೆ ಕಡೆ ಸೋಫಾ ಎಳೆದು ಜಾಗ ಇಕ್ಕಟ್ಟು ಮಾಡಿ, ಅಲ್ಲಿ ನಾಲ್ಕೈದು ಮಕ್ಕಳು ಓಡಾಡುತ್ತಿರಲಿ. ಆಚೆ ಕಡೆ ಒಬ್ಬರೇ. ಎಲ್ಲರೂ ಆಕ್ಸಿಜನ್, ಎಲ್ಲರ ಕೈಯಲ್ಲೂ ಟಾರ್ಚ್. ಒಬ್ಬ ಮಗು ಸೂರ್ಯನಿಂದ ಬಂದ ಕಣ, ಓಡಿಬಂದು ಒಬ್ಬೊಬ್ಬರನ್ನೂ ಮುಟ್ಟಬೇಕು. ಮುಟ್ಟಿಸಿಕೊಂಡವರು ಹಸಿರು ಬೇಕೆಂದರೆ ಒಂದು ಎಣಿಸಿ ಟಾರ್ಚ್ ಹಚ್ಚಬಹುದು. ಕೆಂಪು ಬೇಕೆಂದರೆ ಸ್ಟ್ಯಾಚೂ ಆಗಿ ನಿಂತು ನೂರ ಹತ್ತು ಎಣಿಸಬೇಕು, ಅಷ್ಟರಲ್ಲಿ ಯಾರಾದರೂ ಡಿಕ್ಕಿ ಹೊಡೆದರೆ ಔಟ್. ಚಿಕ್ಕವರಿದ್ದರೆ ಇಪ್ಪತ್ತಕ್ಕೆ ಇಳಿಸಿಕೊಳ್ಳಿ. ಇಕ್ಕಟ್ಟಿನಲ್ಲಿ ಕೆಂಪು ಹಚ್ಚಲು ಒಬ್ಬರಿಗೂ ಆಗುವುದಿಲ್ಲ, ಆಚೆ ಒಂಟಿಯಾಗಿ ನಿಂತವನಿಗೆ ಆಗುತ್ತದೆ. ಮೇಲೆ ನಡೆಯುವುದೂ ಹೀಗೇ. ಆಕ್ಸಿಜನ್ ಹಸಿರು ಬೆಳಕು ಬಿಡಲು ಒಂದು ಸೆಕೆಂಡಿಗಿಂತ ಕಡಿಮೆ ಸಾಕು, ಕೆಂಪಿಗೆ ಸುಮಾರು 110 ಸೆಕೆಂಡ್ ಬೇಕು. ನೂರು ನೂರೈವತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಕಣಗಳು ಒಂದಕ್ಕೊಂದು ತಾಗುತ್ತಿರುತ್ತವೆ, ಅಲ್ಲಿ ಹಸಿರೇ ಗೆಲ್ಲುತ್ತದೆ. ಇನ್ನೂರು ಕಿಲೋಮೀಟರ್ ದಾಟಿದ ಮೇಲೆ ಜಾಗ ಖಾಲಿ, ಅಲ್ಲಿ ಕೆಂಪು. ಕೆಳಗಿನ ಅಂಚಿನಲ್ಲಿ ಕೆಲವೊಮ್ಮೆ ಕಾಣುವ ನೇರಳೆ ಗುಲಾಬಿ ಬಣ್ಣ ನೈಟ್ರೋಜನ್‌ನದು, ಅದನ್ನು ಮಗ ದೊಡ್ಡವನಾದ ಮೇಲೆ ನೋಡಿಕೊಳ್ಳೋಣ.

ಅಜ್ಜಿಗೆ ವೀಡಿಯೋ ಕಾಲ್‌ನಲ್ಲಿ ಹೇಳಲು ಒಂದು ಸುದ್ದಿಯೂ ಇದೆ. 2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಂದಾಗ ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಬೆಳಗಿತು. ಅಲ್ಲಿನ ವೀಕ್ಷಣಾಲಯ ನಡೆಸುವವರು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು. ಕಂಡದ್ದು ಕೆಂಪು. ಎತ್ತರದ ಬೆಳಕಾದ್ದರಿಂದಲೇ ಅಷ್ಟು ದಕ್ಷಿಣಕ್ಕೂ ಕಂಡಿತು. ಸ್ಟ್ಯಾಚೂ ಆಡಿದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭೂಮಿ ಅಯಸ್ಕಾಂತ ಅಂದೆನಲ್ಲ, ಅದಕ್ಕೂ ಒಂದು ಆಟ ಇದೆ. ಮರಳಲ್ಲಿ ಅಯಸ್ಕಾಂತ ಎಳೆದು ಕಬ್ಬಿಣದ ಪುಡಿ ತೆಗೆಯುವ ಆಟ ಗೊತ್ತಲ್ಲ? ಆ ಪುಡಿಯನ್ನು ಒಂದು ಕಾಗದದ ಮೇಲೆ ಉದುರಿಸಿ, ಕೆಳಗೆ ಉದ್ದನೆಯ ಅಯಸ್ಕಾಂತ ಇಡಿ. ಪುಡಿ ಎರಡು ತುದಿಯಲ್ಲಿ ಹೇಗೆ ಗುಂಪುಗೂಡುತ್ತದೆ ನೋಡಲಿ. ನಾರ್ವೆಯ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾನ್ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಅಯಸ್ಕಾಂತದ ಗೋಲ ಇಟ್ಟು, ಅದರ ಮೇಲೆ ಎಲೆಕ್ಟ್ರಾನ್ ಹಾಯಿಸಿ, ಅದರ ಧ್ರುವಗಳ ಸುತ್ತ ಬೆಳಕಿನ ಉಂಗುರ ತೋರಿಸಿದರು. ಹಳೆಯ 200 ಕ್ರೋನರ್ ನೋಟಿನಲ್ಲಿ ಅವರ ಚಿತ್ರ ಇತ್ತು. ಈಗ ಆ ನೋಟಿನಲ್ಲಿ ಕಾಡ್ ಮೀನಿದೆ. ಮೀನಿನ ದೇಶ, ಏನು ಮಾಡೋದು.

ಶಾಲೆಯಿಂದ ಬಂದು ಮಗ "ಅರೋರಾ ಕಂಡಾಗ ಶಿಳ್ಳೆ ಹೊಡೆಯಬಾರದಂತೆ" ಅಂದರೆ ನಗಬೇಡಿ. ಅದು ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿರಿಯರು ಹೇಳುತ್ತಾ ಬಂದ ಮಾತು. ವಿಜ್ಞಾನದ ಪಾಠದ ಜೊತೆಗೆ ಅದೂ ಇರಲಿ. ಗ್ರಹಣದ ದಿನ ನಮ್ಮ ಮನೆಗಳಲ್ಲಿ ಏನೇನು ಹೇಳುತ್ತಿದ್ದರು ನೆನಪಿಸಿಕೊಳ್ಳಿ.

ಜನವರಿ ನಮ್ಮವರಿಗೆ ಇಲ್ಲಿ ಡಬಲ್ ಹಬ್ಬ. ಸಂಕ್ರಾಂತಿಯ ಹೊತ್ತಿಗೇ ಸೂರ್ಯ ಲೆಕ್ಕದ ಪ್ರಕಾರ ದಿಗಂತ ಮುಟ್ಟುತ್ತಾನೆ, ವಾರ ಕಳೆದು 21ಕ್ಕೆ ಬೆಟ್ಟದ ಸಂದಿಯಿಂದ ಇಣುಕುತ್ತಾನೆ. ಅವತ್ತು ಮಕ್ಕಳೆಲ್ಲ ಹೊರಗೆ ಬಂದು ಸೂರ್ಯನಿಗಾಗಿ ಕಾಯುತ್ತಾರೆ, ಊರೆಲ್ಲ ಸೂಲ್‌ಬೊಲ್ಲೆ ಅನ್ನುವ ಸಿಹಿ ಬನ್ ತಿನ್ನುತ್ತದೆ. ಎಳ್ಳುಬೆಲ್ಲ ಸ್ವಲ್ಪ ಜಾಸ್ತಿಯೇ ಮಾಡಿ, ಮಕ್ಕಳ ತರಗತಿಗೂ ಹಂಚಬಹುದು. ಆದರೆ ಶೇಂಗಾ ಹಾಕುವ ಮೊದಲು ಟೀಚರನ್ನು ಕೇಳಿ, ಅಲರ್ಜಿ ಇರುವ ಮಕ್ಕಳಿರುತ್ತಾರೆ. ಬಿಸಿಲು ಬಂದ ದಿನ ಹಿಮದ ಮೇಲೆ ಮಕ್ಕಳ ನೆರಳಿನ ಉದ್ದ ಹೆಜ್ಜೆಯಲ್ಲಿ ಅಳೆಯಲಿ. ಮುಂದಿನ ವಾರ ಮತ್ತೆ ಅಳೆಯಲಿ. ನೆರಳು ಗಿಡ್ಡವಾಗುವುದನ್ನು ನೋಡುವುದೇ ಅವರಿಗೆ ಒಂದು ಮಜಾ.

ವಿಟಮಿನ್ ಡಿ ಬಗ್ಗೆ ಬಂದ ತಕ್ಷಣ ಮಕ್ಕಳ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಎಷ್ಟು ಕೊಡಬೇಕು ಅಂತ ಅವರೇ ಹೇಳುತ್ತಾರೆ. ಇಲ್ಲಿನವರು ಕಾಡ್ ಲಿವರ್ ಎಣ್ಣೆ ಕುಡಿಸುತ್ತಾರೆ. ನೀವು ಸಸ್ಯಾಹಾರಿಗಳು ಅಂದಿರಲ್ಲ, ಔಷಧಿ ಅಂಗಡಿಯಲ್ಲಿ ಬೇರೆ ಹನಿಗಳೂ ಸಿಗುತ್ತವೆ. ಕೋಟಿಗೆ, ಬ್ಯಾಗಿಗೆ ಹಾಕುವ ಹೊಳೆಯುವ ರಿಫ್ಲೆಕ್ಟರ್ ಮೊದಲ ದಿನವೇ ತೆಗೆದುಕೊಳ್ಳಿ, ಕಾರಿನವರಿಗೆ ಮಕ್ಕಳು ಕಾಣುವುದು ಅದರಿಂದಲೇ. ಊರಿಂದ ತರುವುದಾದರೆ ದೀಪಾವಳಿಯ ಆಕಾಶಬುಟ್ಟಿ ಎರಡು ತನ್ನಿ, ಮಡಚಿದರೆ ಜಾಗ ಹಿಡಿಯುವುದಿಲ್ಲ. ಕ್ರಿಸ್‌ಮಸ್‌ಗೆ ಮೊದಲು ಇಲ್ಲಿ ಎಲ್ಲರ ಕಿಟಕಿಯಲ್ಲೂ ಕಾಗದದ ನಕ್ಷತ್ರ ಬೆಳಗುತ್ತಿರುತ್ತದೆ, ನಿಮ್ಮ ಬುಟ್ಟಿಯನ್ನು ಜನವರಿವರೆಗೂ ಇಳಿಸಬೇಕಾಗಿಲ್ಲ. ಒಂದು ನನಗೆ.