ಕೆಲಸವೂ ಮನೆಯೂ ಒಂದೇ ವರ್ಷದಲ್ಲಿ ಬದಲಾದಾಗ ಕುಗ್ಗದೆ ನಿಲ್ಲುವುದು ಹೇಗೆ?

ನಿಮಗೆ ನಲವತ್ತನಾಲ್ಕು ವರ್ಷ. ನೀವು ದುಡಿಯುವ ಕಂಪನಿಯನ್ನು ಬೇರೆಯವರು ಕೊಂಡಿದ್ದಾರೆ. ತಂತ್ರಾಂಶ, ಮೇಲಧಿಕಾರಿ, ಬಹುಶಃ ಊರು ಕೂಡ ಬದಲಾಗಲಿದೆ. ಸರ್ಕಾರಿ ಶಾಲೆಯ ಶಿಕ್ಷಕರಾಗಿ ನಿವೃತ್ತರಾಗಿದ್ದ ತಂದೆ ಇದೇ ವರ್ಷ ತೀರಿಕೊಂಡರು, ತಾಯಿ ಊರಿನಲ್ಲಿ ಒಬ್ಬರೇ ಇದ್ದಾರೆ. ಇಷ್ಟನ್ನೂ ಬರೆದು, ಹೊಂದಿಕೊಳ್ಳುವ ಶಕ್ತಿಯನ್ನು ಎಲ್ಲಿಂದ ತರಲಿ ಎಂದು ಕೇಳಿದ್ದೀರಿ. ನಾನು ಮನಃಶಾಸ್ತ್ರ ಓದಿದವಳಲ್ಲ. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿ ಮ್ಯಾನೇಜರಾಗಿ ನಿವೃತ್ತಳಾದವಳು. ನಿಮ್ಮಂಥದೇ ಒಂದು ಕಾಲವನ್ನು ದಾಟಿ ಬಂದಿರುವುದರಿಂದ ಉತ್ತರಿಸುತ್ತಿದ್ದೇನೆ.

ಕರ್ನಾಟಕದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಮೂರು ವರ್ಷಗಳೊಳಗೆ ಬೋರ್ಡುಗಳಿಂದ ಇಳಿದದ್ದು ನಿಮಗೆ ನೆನಪಿರಬಹುದು. 1913ರಲ್ಲಿ ಸಂಸ್ಥಾನದ ಕಾಲದಲ್ಲಿ ಆರಂಭವಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಅದೇ ದಿನ ಉಡುಪಿಯಲ್ಲಿ ಹುಟ್ಟಿದ್ದ ಎರಡು ಬ್ಯಾಂಕುಗಳ ಸರದಿ: 1906ರ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, 1925ರ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ. ಆಗ ದೇಶವೆಲ್ಲ ಲಾಕ್‌ಡೌನ್‌ನಲ್ಲಿತ್ತು, ಆ ಎರಡು ಬ್ಯಾಂಕುಗಳ ಸಿಬ್ಬಂದಿಗೆ ಒಟ್ಟಿಗೆ ಕುಳಿತು ಒಂದು ಬೀಳ್ಕೊಡುಗೆ ಮಾಡಿಕೊಳ್ಳುವುದಕ್ಕೂ ಆಗಲಿಲ್ಲ. ನಾನು ದುಡಿದದ್ದು ಈ ನಾಲ್ಕರಲ್ಲಿ ಮೊದಲನೆಯದರಲ್ಲಿ.

ಬದಲಾವಣೆಗೆ ಹೊಂದಿಕೊಳ್ಳಿ ಎಂದು ಯಾರಾದರೂ ಹೇಳಿದ ಕೂಡಲೇ, ಇಷ್ಟು ವರ್ಷ ಕಲಿತದ್ದೆಲ್ಲ ನೀರುಪಾಲಾಯಿತು, ಮತ್ತೆ ಮೊದಲಿನಿಂದ ಶುರು ಮಾಡಬೇಕು ಎಂಬ ಅಳುಕು ಹುಟ್ಟುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಕುಗ್ಗಿದ್ದು ಈ ಅಳುಕಿನಿಂದಲೇ. ಕೆಲಸ ಮಾಡುವ ರೀತಿ ಬುಡಮೇಲಾದಾಗಲೂ ಕೆಲಸದ ತಿರುಳು ಬಹುಪಾಲು ಹಾಗೆಯೇ ಉಳಿಯುತ್ತದೆ. ಆ ತಿರುಳು ಯಾವುದೆಂದು ಕಂಡುಕೊಂಡವರು ತಳಮಳಿಸದೆ ನಿಂತರು. ಇದು ನಾನು ಕಣ್ಣಾರೆ ಕಂಡದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಸೇರಿದಾಗ ಶಾಖೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಎರಡೂ ಕೈಯಲ್ಲಿ ಎತ್ತಬೇಕಾದ ಲೆಡ್ಜರುಗಳು, ಚೆಕ್ ಕೊಟ್ಟವರ ಕೈಗೆ ಹಿತ್ತಾಳೆಯ ಟೋಕನ್. ಪ್ರತಿ ಖಾತೆಯ ಹಾಳೆಯಲ್ಲಿರುವ ಮೊತ್ತವನ್ನು ಪಟ್ಟಿ ಮಾಡಿ, ಕೂಡಿಸಿ, ಶಾಖೆಯ ಒಟ್ಟು ಲೆಕ್ಕವಿರುವ ಜನರಲ್ ಲೆಡ್ಜರಿನ ಮೊತ್ತದೊಂದಿಗೆ ತಾಳೆ ನೋಡಬೇಕಿತ್ತು. ಅದಕ್ಕೆ ಬ್ಯಾಲೆನ್ಸಿಂಗ್ ಎನ್ನುತ್ತಿದ್ದೆವು. ತಾಳೆಯಾಗದಿದ್ದರೆ ವ್ಯತ್ಯಾಸ ಸಿಗುವವರೆಗೆ ಯಾರಿಗೂ ನೆಮ್ಮದಿ ಇಲ್ಲ. ನಮಗೆ ಕೆಲಸ ಕಲಿಸಿದ ಹೆಡ್ ಕ್ಲರ್ಕ್ ಒಬ್ಬರಿದ್ದರು. ವ್ಯತ್ಯಾಸದ ಮೊತ್ತವನ್ನು ಮೊದಲು ಎರಡರಿಂದ ಭಾಗಿಸಿ ನೋಡಿ ಎನ್ನುತ್ತಿದ್ದರು. ಆ ಅರ್ಧದ ಮೊತ್ತದ ನಮೂದು ಎಲ್ಲಾದರೂ ಕಂಡರೆ, ಜಮಾ ಕಡೆ ಬರೆಯಬೇಕಾದದ್ದು ಖರ್ಚಿನ ಕಡೆ ಬಿದ್ದಿರಬಹುದು. ಅಲ್ಲಿ ಸಿಗದಿದ್ದರೆ ಒಂಬತ್ತರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಯಾರೋ ಅಂಕಿಗಳನ್ನು ಅದಲುಬದಲಾಗಿ ಬರೆದಿರುವ ಸಾಧ್ಯತೆ ಹೆಚ್ಚು.

1990ರ ದಶಕದ ಕೊನೆಯಲ್ಲಿ ನಮ್ಮ ಶಾಖೆಗೆ ಕಂಪ್ಯೂಟರುಗಳು ಬಂದವು. ಲೆಡ್ಜರಿನಲ್ಲಿದ್ದುದನ್ನೆಲ್ಲ ಅದರೊಳಗೆ ತುಂಬಬೇಕು. ಹಿರಿಯರು ಕೀಲಿಮಣೆ ಮುಟ್ಟಲೂ ಹಿಂಜರಿಯುತ್ತಿದ್ದರು. ಆಗಷ್ಟೇ ಸೇರಿದ್ದ ಒಬ್ಬ ಹುಡುಗಿ ಸರಸರನೆ ತುಂಬುತ್ತಾ ಹೋದಳು. ಕೊನೆಗೆ ಮೊತ್ತ ತಾಳೆಯಾಗಲಿಲ್ಲ, 2,700 ರೂಪಾಯಿ ಹೆಚ್ಚು ತೋರಿಸುತ್ತಿತ್ತು. ನೂರಾರು ಖಾತೆಗಳನ್ನು ಮತ್ತೆ ಮೊದಲಿನಿಂದ ಪರಿಶೀಲಿಸಬೇಕೇ ಎಂದು ಅವಳ ಕಣ್ಣಲ್ಲಿ ನೀರು. ನಿವೃತ್ತಿಯ ಹತ್ತಿರವಿದ್ದ ಹೆಡ್ ಕ್ಲರ್ಕ್ ಪೆನ್ಸಿಲ್ ತೆಗೆದು ಒಂಬತ್ತರಿಂದ ಭಾಗಿಸಿದರು. 300 ಬಂತು. ಹಾಗಿದ್ದರೆ ಸಾವಿರದ ಸ್ಥಾನದ ಅಂಕಿಗೂ ನೂರರ ಸ್ಥಾನದ ಅಂಕಿಗೂ ಮೂರರ ಅಂತರವಿರುವ ಖಾತೆಗಳನ್ನು ಮಾತ್ರ ನೋಡೋಣ ಎಂದರು. ಪಟ್ಟಿಯ ಮೇಲೆ ಬೆರಳಿಟ್ಟು ಇಳಿಯುತ್ತಾ ಹೋದರು. ಲೆಡ್ಜರಿನಲ್ಲಿ 1,400 ಇದ್ದದ್ದು ಒಳಗೆ 4,100 ಆಗಿತ್ತು. ಮರುದಿನದಿಂದ ಆ ಹುಡುಗಿ ಅವರಿಗೆ ಕೀಲಿಮಣೆ ಕಲಿಸಿದಳು, ಅವರು ಅವಳಿಗೆ ಲೆಕ್ಕದ ಒಳಹೊರಗನ್ನು ಕಲಿಸಿದರು. ಮಗಳ ವಯಸ್ಸಿನವಳ ಪಕ್ಕದಲ್ಲಿ ಕುಳಿತು "ಇದನ್ನು ಇನ್ನೊಮ್ಮೆ ತೋರಿಸಮ್ಮ" ಎಂದು ಕೇಳುವಾಗ ಅವರ ಮುಖದಲ್ಲಿ ಸ್ವಲ್ಪವೂ ಸಂಕೋಚ ಇರಲಿಲ್ಲ. ನನ್ನ ಇಡೀ ಸೇವಾವಧಿಯಲ್ಲಿ ನಾನು ಅತ್ಯಂತ ಗೌರವದಿಂದ ನೋಡಿದ ವ್ಯಕ್ತಿ ಅವರು.

ನೀವೂ ಒಂದು ಹಾಳೆ ತೆಗೆದುಕೊಳ್ಳಿ. ಕಂಪನಿಯ ಹೆಸರು, ಹುದ್ದೆಯ ಹೆಸರು, ತಂತ್ರಾಂಶದ ಹೆಸರು ಯಾವುದನ್ನೂ ಬಳಸದೆ ನೀವು ಮಾಡುವ ಕೆಲಸವನ್ನು ಬರೆಯಿರಿ. ಸರಕು ತಡವಾದಾಗ ಗ್ರಾಹಕರನ್ನು ಸಮಾಧಾನಪಡಿಸಬಲ್ಲೆ, ದರಪಟ್ಟಿ ನೋಡಿದ ಕೂಡಲೇ ಎಲ್ಲಿ ನಷ್ಟವಾಗುತ್ತದೆ ಎಂದು ಹೇಳಬಲ್ಲೆ, ಜಗಳವಾಡಿದ ಇಬ್ಬರಿಂದ ಒಟ್ಟಿಗೆ ಕೆಲಸ ತೆಗೆಯಬಲ್ಲೆ, ಹೀಗೆ. ಆ ಹಾಳೆಯಲ್ಲಿ ಉಳಿಯುವುದು ನಿಮ್ಮದು. ಅದನ್ನು ಹೊಸ ಮಾಲೀಕರು ಕೊಂಡುಕೊಂಡಿಲ್ಲ, ಕಸಿದುಕೊಳ್ಳುವುದಕ್ಕೂ ಆಗುವುದಿಲ್ಲ. ತಂತ್ರಾಂಶವನ್ನು ಕಿರಿಯರಿಂದ ಕಲಿಯಿರಿ. ಕೇಳುವುದಕ್ಕೆ ನಾಚಬೇಡಿ, ಆದರೆ ಒಮ್ಮೆ ಕೇಳಿದ್ದನ್ನು ಬರೆದಿಟ್ಟುಕೊಳ್ಳಿ. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಕಲಿಸುವವರ ತಾಳ್ಮೆ ಕರಗುತ್ತದೆ.

ಇನ್ನೊಂದು ಮಾತು. "ನಮ್ಮಲ್ಲಿ ಹೀಗಿರಲಿಲ್ಲ" ಎಂದು ಹೊಸ ಕಚೇರಿಯಲ್ಲಿ ಕೆಲವು ತಿಂಗಳು ಬಾಯಿ ಬಿಡಬೇಡಿ. ಆ ಮಾತನ್ನು ದಿನವೂ ಆಡಿದವರು ಮೊದಲು ದಣಿದರು. ಹಳೆಯ ಸಹೋದ್ಯೋಗಿಗಳ ಜೊತೆ ವಾರಕ್ಕೊಮ್ಮೆ ಕಾಫಿಗೆ ಕುಳಿತು ಮನಸಾರೆ ಆಡಿಕೊಳ್ಳಿ, ಅದು ಬೇಕೇ ಬೇಕು. ನೂರು ವರ್ಷ ದಾಟಿದ ಬ್ಯಾಂಕಿನ ಹೆಸರು ಹೋದಾಗ ನಾವೂ ಅತ್ತಿದ್ದೇವೆ. ಒಂದು ಹೆಸರಿನ ಮೇಲೆ ಪ್ರೀತಿ ಇಟ್ಟುಕೊಂಡದ್ದರಲ್ಲಿ ದೌರ್ಬಲ್ಯ ಏನೂ ಇಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಎದೆಗಾರಿಕೆಯ ಬಗ್ಗೆ ಮಾತನಾಡುವವರು ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಬ್ಯಾಂಕಿನವಳಾದ ನನಗೆ ಇದೇ ಅಡಿಪಾಯವಾಗಿ ಕಾಣುತ್ತದೆ. ಸರ್ಕಾರಿ ಬ್ಯಾಂಕುಗಳ ವಿಲೀನದಲ್ಲಿ ನಮಗೆ ಕೆಲಸ ಹೋಗುವ ಭಯ ಇರಲಿಲ್ಲ. ನಿಮ್ಮದು ಖಾಸಗಿ ಕಂಪನಿ, ಆ ಭರವಸೆ ನಿಮಗಿಲ್ಲ. ಆರು ತಿಂಗಳ ಮನೆಖರ್ಚನ್ನು ಸುಲಭವಾಗಿ ಬಿಡಿಸಿಕೊಳ್ಳಬಹುದಾದ ಠೇವಣಿಯಲ್ಲಿ ಬೇರೆಯಾಗಿ ಇಡಿ. ಈ ವರ್ಷ ಹೊಸ ಸಾಲ ಬೇಡ, ಕಾರೂ ಬೇಡ, ನಿವೇಶನವೂ ಬೇಡ. ಆರೋಗ್ಯ ವಿಮೆ ಕಂಪನಿಯದೊಂದೇ ಇದ್ದರೆ ಕೆಲಸದ ಜೊತೆಗೆ ಅದೂ ಹೋಗುತ್ತದೆ, ಆದ್ದರಿಂದ ಸ್ವಂತದ್ದೊಂದು ಮಾಡಿಸಿ. ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಮಾಲೀಕರು ಕೊಡುವ ಗ್ರ್ಯಾಚುಟಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. ನಿಮ್ಮ ಹಳೆಯ ಸೇವೆಯನ್ನು ಹೊಸ ಮಾಲೀಕರು ಮುಂದುವರಿಸುತ್ತಾರೆಯೇ ಎಂಬುದನ್ನು ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯಿರಿ. ಭವಿಷ್ಯನಿಧಿಯ ಖಾತೆಯಲ್ಲಿ ಹೆಸರು, ಜನ್ಮದಿನಾಂಕ, ನಾಮಿನಿ ಸರಿಯಾಗಿವೆಯೇ ಎಂದು ಈಗಲೇ ನೋಡಿಕೊಳ್ಳಿ. ತಂದೆಯನ್ನೇ ನಾಮಿನಿ ಮಾಡಿದ್ದರೆ ಬದಲಿಸಬೇಕಾಗುತ್ತದೆ.

ಒಂದಿಷ್ಟು ಇಡಿಗಂಟು ಕೊಡುತ್ತೇವೆ, ಕೆಲಸ ಬಿಡಿ ಎಂಬ ಮಾತು ಬಂದರೂ ಬರಬಹುದು. 2000–01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂನಿವೃತ್ತಿ ಯೋಜನೆ ಬಂದಾಗ ಹದಿನೈದು ವರ್ಷ ಸೇವೆ ಮುಗಿಸಿದವರು ಅಥವಾ ನಲವತ್ತು ದಾಟಿದವರು ಅರ್ಜಿ ಹಾಕಬಹುದಿತ್ತು. ದೇಶದಾದ್ಯಂತ ಸುಮಾರು ಒಂದು ಲಕ್ಷ ಜನ ಹೊರಬಂದರು. ನನ್ನ ಜೊತೆಯವರಲ್ಲಿ ಕಂಪ್ಯೂಟರಿನ ಭಯಕ್ಕೆ ಬಿಟ್ಟವರಿದ್ದರು, ಮೊದಲೇ ಯೋಚಿಸಿಟ್ಟ ಕೆಲಸಕ್ಕಾಗಿ ಬಿಟ್ಟವರೂ ಇದ್ದರು. ಎರಡನೆಯವರು ನೆಮ್ಮದಿಯಾಗಿ ಬಾಳಿದರು. ಒಬ್ಬರು ತೋಟಕ್ಕೆ ಹೋದರು, ಇನ್ನೊಬ್ಬರು ತೆರಿಗೆ ಸಲಹೆಯ ಕಚೇರಿ ತೆರೆದರು. ಭಯದಿಂದ ಬಿಟ್ಟವರಲ್ಲಿ ಕೆಲವರು ಆಮೇಲೆ ದಿನವೂ ಶಾಖೆಗೆ ಬಂದು ಕೂರುತ್ತಿದ್ದರು. ಬಿಟ್ಟ ಮೇಲಿನ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡುತ್ತೀರಿ ಎಂಬುದಕ್ಕೆ ಸ್ಪಷ್ಟ ಉತ್ತರವಿದ್ದರೆ ಮಾತ್ರ ಸಹಿ ಹಾಕಿ.

ಇನ್ನು ತಂದೆಯವರ ಅಗಲಿಕೆ. ನಿಮ್ಮ ಪ್ರಶ್ನೆಯಲ್ಲಿ ಅದು ಒಂದೇ ಸಾಲಿನಲ್ಲಿದೆ, ಆದರೆ ಉಳಿದುದೆಲ್ಲ ಅಷ್ಟು ಭಾರವಾಗಿ ಕಾಣುತ್ತಿರುವುದು ಅದರಿಂದಲೇ ಎಂದು ನನಗೆ ಅನಿಸಿತು. ನನ್ನ ಯಜಮಾನರು ತೀರಿಕೊಂಡದ್ದು 2016ರಲ್ಲಿ. ಕೆಲವೇ ತಿಂಗಳುಗಳಲ್ಲಿ, ನವೆಂಬರ್ 8ರ ರಾತ್ರಿ, ಐನೂರು ಮತ್ತು ಸಾವಿರ ರೂಪಾಯಿ ನೋಟುಗಳು ರದ್ದಾದವು. ಶಾಖೆಯ ಬಾಗಿಲು ತೆರೆಯುವ ಮೊದಲೇ ರಸ್ತೆಯ ತಿರುವಿನವರೆಗೂ ಜನ. ಆರಂಭದಲ್ಲಿ ಒಬ್ಬರಿಗೆ ನಾಲ್ಕು ಸಾವಿರ ರೂಪಾಯಿಯಷ್ಟು ಮಾತ್ರ ಬದಲಿಸಿ ಕೊಡಬಹುದಿತ್ತು, ಆಮೇಲೆ ಬೆರಳಿಗೆ ಶಾಯಿ ಹಚ್ಚುವ ನಿಯಮ ಬಂತು. ಮಗಳ ಮದುವೆಗೆಂದು ಕೂಡಿಟ್ಟ ನೋಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ತಾಯಂದಿರಿಗೆ ಧೈರ್ಯ ಹೇಳುತ್ತಾ ಡಿಸೆಂಬರ್ ಕಳೆಯಿತು. ಎಷ್ಟು ಗಟ್ಟಿ ಹೆಂಗಸು ಎಂದು ಎಲ್ಲರೂ ನನ್ನನ್ನು ಹೊಗಳಿದರು. ದುಃಖ ಎಲ್ಲಿಗೂ ಹೋಗಿರಲಿಲ್ಲ, ಆ ಸಾಲಿನ ಕೊನೆಯಲ್ಲಿ ತನ್ನ ಸರದಿಗಾಗಿ ಕಾಯುತ್ತಿತ್ತು. ಜನವರಿಯಲ್ಲಿ ಶಾಖೆ ಖಾಲಿಯಾದಾಗ ಮುಂದೆ ಬಂತು. ಏಪ್ರಿಲ್‌ನಲ್ಲಿ ಬ್ಯಾಂಕಿನ ಬೋರ್ಡು ಬದಲಾದಾಗ ನನಗೆ ಅಳು ಬಂದದ್ದು ಬ್ಯಾಂಕಿಗಾಗಿಯೋ ಅವರಿಗಾಗಿಯೋ ಈಗಲೂ ಹೇಳಲಾರೆ. ಆ ತಿಂಗಳುಗಳಲ್ಲಿ ನಾನು ಬಿಡದೆ ಹಿಡಿದುಕೊಂಡದ್ದು ರಾತ್ರಿ ಊಟವಾದ ಮೇಲೆ ಅಕ್ಕನಿಗೆ ಮಾಡುತ್ತಿದ್ದ ಫೋನನ್ನು. ಹೇಳುವುದಕ್ಕೆ ಏನೂ ಇಲ್ಲದ ದಿನವೂ ಮಾಡುತ್ತಿದ್ದೆ. ಎಲ್ಲವೂ ಕದಲುತ್ತಿರುವಾಗ ಕದಲದ ಒಂದು ಸಣ್ಣ ಅಭ್ಯಾಸ ದಿನದಲ್ಲಿ ಇರಲಿ.

ದುಃಖದ ವರ್ಷದಲ್ಲಿ, ಹಿಂತಿರುಗಿಸಲಾಗದ ತೀರ್ಮಾನಗಳನ್ನು ಮುಂದೂಡಬಹುದಾದರೆ ಮುಂದೂಡಿ. ಗಂಡನ ವಿಮೆಯ ಹಣ ಬಂದ ತಿಂಗಳಲ್ಲೇ ನೆಂಟರ ಒತ್ತಾಯಕ್ಕೆ ಅಷ್ಟನ್ನೂ ಬಿಡಿಸಿಕೊಟ್ಟ ಹೆಂಗಸರನ್ನು ಕೌಂಟರಿನ ಈಚೆ ಕುಳಿತು ನೋಡಿದ್ದೇನೆ. ಆಗೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಒಂದು ವರ್ಷದ ಠೇವಣಿ ಮಾಡಿಸಮ್ಮ, ಕೇಳಿದವರಿಗೆ ಬ್ಯಾಂಕಿನವರು ಬಿಡುತ್ತಿಲ್ಲ ಎಂದು ನನ್ನ ಮೇಲೆ ಹಾಕು ಎಂದು ಹೇಳುತ್ತಿದ್ದೆ. ನಿಮ್ಮ ತಾಯಿಯವರಿಗೂ ಅದೇ ಮಾತು. ಊರಿನ ಮನೆಯನ್ನು ಈಗ ಮಾರಿಸಬೇಡಿ.

ಹಾಗೆಯೇ, ನಿಮಗೆ ವರ್ಗವಾದರೆ ಮೊದಲು ನೀವೊಬ್ಬರೇ ಹೋಗಿ. ತಂದೆಯವರ ವರ್ಷದ ಕಾರ್ಯ ಮುಗಿಯುವವರೆಗಾದರೂ ತಾಯಿಯವರು ತಮ್ಮ ಮನೆಯಲ್ಲೇ ಇರಲಿ, ಅವರು ತಾವಾಗಿ ಬರುತ್ತೇನೆ ಎಂದರೆ ಬೇರೆ ಮಾತು. ಅವರಿಗೆ ಈಗ ಬೇಕಾಗಿರುವುದು ಪರಿಚಯದ ಬೀದಿ, ಹೂವು ಕೊಡುವವಳು, ಪಕ್ಕದ ಮನೆಯವರ ಮಾತು. ಹೊಸ ಊರಿನ ಐದನೇ ಮಹಡಿಯಲ್ಲಿ ನೀವು ಸಂಜೆ ಬರುವವರೆಗೆ ಬಾಗಿಲು ಹಾಕಿಕೊಂಡು ಕೂರುವುದು ಅವರಿಗೂ ಕಷ್ಟ, ಕಚೇರಿಯಲ್ಲಿ ಕುಳಿತು ಅದನ್ನೇ ನೆನೆಯುವ ನಿಮಗೂ ಕಷ್ಟ.

ಆದರೆ ಹೊರಡುವ ಮೊದಲು ಅವರ ಕುಟುಂಬ ಪಿಂಚಣಿಯ ಕೆಲಸ ಮುಗಿಸಿ. ತಂದೆಯವರ ಪಿಂಚಣಿ ಪಾವತಿ ಆದೇಶದ ಪುಸ್ತಕ ಹುಡುಕಿ, ಅದರಲ್ಲಿ ತಾಯಿಯವರ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿ. ಒಂದಕ್ಷರದ ವ್ಯತ್ಯಾಸಕ್ಕೂ ಕಡತ ಹಿಂದಕ್ಕೆ ಬರುವುದುಂಟು. ಮರಣ ಪ್ರಮಾಣಪತ್ರದ ನಾಲ್ಕೈದು ಮೂಲ ಪ್ರತಿಗಳನ್ನು ಮಾಡಿಸಿಟ್ಟುಕೊಳ್ಳಿ. ತಂದೆಯವರ ನಿಧನದ ನಂತರವೂ ಅವರ ಖಾತೆಗೆ ಪಿಂಚಣಿ ಜಮೆಯಾಗಿದ್ದರೆ ಅದನ್ನು ತೆಗೆಯಬೇಡಿ, ಬ್ಯಾಂಕಿಗೆ ತಿಳಿಸಿ, ಅದು ವಾಪಸು ಹೋಗಬೇಕಾದ ಹಣ. ನವೆಂಬರ್‌ನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕೆ 2014ರಿಂದ ಡಿಜಿಟಲ್ ವ್ಯವಸ್ಥೆ ಇದೆ. ಮೊದಲ ಸಲ ನೀವೇ ಜೊತೆಯಲ್ಲಿ ಕುಳಿತು ಮಾಡಿಸಿ. ದಾಖಲೆಗಳಲ್ಲಿ ಎಲ್ಲಾದರೂ ತೊಡಕು ಕಂಡರೆ ಇಲ್ಲೇ ಬರೆಯಿರಿ, ಗೊತ್ತಿರುವಷ್ಟನ್ನು ಹೇಳುತ್ತೇನೆ. ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಮಾತ್ರ ಯಾರಿಗೂ ಕಳುಹಿಸಬೇಡಿ, ನನಗೂ ಬೇಡ.