ರಾಣೆಬೆನ್ನೂರಿನ ಮಾಸ್ತರರ ಭೀಮಪಲಾಸ ಹಾಡಿಗೆ ಉತ್ತರ: ವಾದ್ಯ ಆಮೇಲೆ, ಮೊದಲು ಸಾಲು

ಮಾಸ್ತರರೇ, ನೀವೇ ಬರೆದು ಭೀಮಪಲಾಸ ರಾಗದಲ್ಲಿ ಕಟ್ಟಿದ ‘ಮಳೆ ಬಾರದ ಊರಿನ ಕೆರೆಯ ದಂಡೆಯ ಮೇಲೆ’ ಹಾಡಿನ ಹೊಸ ಧ್ವನಿಮುದ್ರಣವನ್ನು ನಿನ್ನೆ ರಾತ್ರಿ ಕೇಳಿದೆ. ಮೊದಲ ಸಲ ಹಾಡು ಕಟ್ಟುವವರ ನಮ್ಮ ಈ ಗುಂಪಿಗೆ ಹಾಕಿದಾಗ ಇದರಲ್ಲಿ ಬರೀ ಕೀಬೋರ್ಡ್ ಇತ್ತು, ಆಮೇಲೆ ಕೊಳಲು ಬಂತು, ಈಗ ಪಿಟೀಲುಗಳೂ ದನಿಯ ಮೇಲೆ ದಟ್ಟವಾದ ರಿವರ್ಬೂ (ಯಂತ್ರ ಕೂಡಿಸುವ ಅನುರಣನ) ಸೇರಿವೆ. ಪ್ರತಿ ಸಲವೂ ನೀವು ‘ಹೇಗಿದೆ, ಅಭಿಪ್ರಾಯ ತಿಳಿಸಿ’ ಎಂದು ಕೇಳಿದ್ದೀರಿ. ಪ್ರತಿ ಸಲವೂ ನಾವೆಲ್ಲ ‘ಭಾಳ ಛಲೋ ಆಗೇದ್ರಿ’ ಎಂದು ಬರೆದು ಸುಮ್ಮನಾಗಿದ್ದೇವೆ. ಆದರೂ ನಿಮಗೆ ಸಮಾಧಾನವಾಗಿಲ್ಲ, ಆಗಿದ್ದರೆ ಮತ್ತೆ ಮತ್ತೆ ಕೂಡಿಸುತ್ತಿರಲಿಲ್ಲ. ರಾಗ ಸರಿಯಾಗಿದೆ, ಕವಿತೆ ಚೆನ್ನಾಗಿದೆ, ನಿಮ್ಮ ಕಂಠವೂ ಹದವಾಗಿದೆ. ತೊಂದರೆ ಇರುವುದು ಪಲ್ಲವಿಯ ಮೊದಲ ಸಾಲಿನಲ್ಲಿ, ಅದನ್ನು ಯಾವ ಪಿಟೀಲೂ ತಿದ್ದಲಾರದು. ನಾನೂ ಒಂದು ಕಾಲಕ್ಕೆ ಇದೇ ದಾರಿ ಹಿಡಿದವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಎಂಟು ಮಾತ್ರೆಯ ಕೆಹರವಾ ತಾಳದಲ್ಲಿ ನೀವು ‘ಮಳೆ’ಯನ್ನು ಸಮ್ಮಿನ ಮೇಲೆ, ಅಂದರೆ ಮೊದಲ ಮಾತ್ರೆಯ ಮೇಲೆ ಇಟ್ಟಿದ್ದೀರಿ. ಮ ಒಂದು, ಳೆ ಎರಡು. ಮೂರನೇ ಮಾತ್ರೆಗೆ ‘ಬಾ’ ಬಂದು, ಅಲ್ಲಿ ಮಧ್ಯಮದಿಂದ ಕೋಮಲ ಗಾಂಧಾರಕ್ಕೆ ಜಾರುತ್ತ ಇಳಿಯುವ ಆ ಮೀಂಡ್ ಆರನೇ ಮಾತ್ರೆಯವರೆಗೆ ಸಾಗುತ್ತದೆ. ಮೀಂಡ್ ಉದ್ದವಾದ್ದರಿಂದ ನೀವು ಅಲ್ಲೇ ಉಸಿರು ತೆಗೆದುಕೊಂಡು, ಏಳು ಎಂಟಕ್ಕೆ ‘ರದ’ ಎನ್ನುತ್ತೀರಿ. ಕೇಳುವವನ ಕಿವಿಗೆ ಬೀಳುವುದು ‘ಮಳೆ, ಬಾ’. ಕವಿತೆ ಮಳೆ ಬಾರದ ಊರಿನದು, ಹಾಡು ಮಳೆಯನ್ನು ಕರೆಯುತ್ತಿದೆ. ಮುಂದೆ ‘ಊರಿನ’ ಸರಿಯಾಗಿ ಕೂತಿದೆ, ಆದರೆ ಖಾಲಿಯ (ಐದನೇ ಮಾತ್ರೆಯ) ಮೇಲೆ ‘ಕೆ’ ಅಕ್ಷರವನ್ನು ಎರಡು ಮಾತ್ರೆಗೆ ಎಳೆದಿರುವುದರಿಂದ ‘ಕೆರೆಯ ದಂಡೆ’ ಹೋಗಿ ‘ಕೇರೆಯ ದಂಡೆ’ ಆಗಿದೆ. ಕೆರೆಯ ಜಾಗದಲ್ಲಿ ಹಾವು ಬಂದು ಕೂತ ಮೇಲೆ ಮುಂದಿನ ಸಾಲಿನ ಭಾವ ಕೇಳುಗನಿಗೆ ತಲುಪುವುದಾದರೂ ಹೇಗೆ? ಕವಿತೆ ಬರೆದವರೇ ರಾಗ ಹಾಕಿದಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಸಾಲು ಅವರಿಗೆ ಬಾಯಿಪಾಠವಾಗಿರುತ್ತದೆ. ಹಾಡು ಏನನ್ನೇ ನುಡಿದರೂ ಅವರ ಕಿವಿಗೆ ಬರೆದದ್ದೇ ಕೇಳುತ್ತದೆ.

ಹೀಗೆ ಮಾಡಿ ನೋಡಿ. ‘ಮಳೆ’ಯನ್ನು ಏಳು ಎಂಟನೇ ಮಾತ್ರೆಯಿಂದ ಎತ್ತಿಕೊಂಡು, ‘ಬಾ’ ಸಮ್ಮಿಗೆ ಬರಲಿ. ‘ಬಾರದ’ ನಾಲ್ಕು ಮಾತ್ರೆ, ‘ಊರಿನ’ ನಾಲ್ಕು ಮಾತ್ರೆ. ತಾಳದ ಒಂದು ಆವರ್ತನ, ಅಂದರೆ ಒಂದು ಸುತ್ತು, ಎಳೆತವೂ ಇಲ್ಲದೆ ಕೊರತೆಯೂ ಇಲ್ಲದೆ ತುಂಬುತ್ತದೆ, ‘ಊ’ ತಾನಾಗಿಯೇ ಖಾಲಿಯ ಮೇಲೆ ಬೀಳುತ್ತದೆ. ಮುಂದಿನ ಸಮ್ಮಿಗೆ ‘ಕೆರೆಯ’ ಬರಲಿ, ಅಲ್ಲಿ ಉಳಿಯುವ ಒಂದು ಮಾತ್ರೆಯನ್ನು ‘ಯ’ಕಾರದ ಮೇಲೆ ಕಳೆಯಿರಿ, ‘ಕೆ’ಯ ಮೇಲೆ ಬೇಡ. ‘ದಂಡೆಯ’ ಖಾಲಿಯಿಂದ ನಾಲ್ಕು ಮಾತ್ರೆ. ‘ಮೇಲೆ’ ಮೂರನೇ ಸಮ್ಮಿಗೆ ಬಂದಾಗ ‘ಲೆ’ಗೆ ನಾಲ್ಕು ಮಾತ್ರೆಗಳ ಬಯಲು ಸಿಗುತ್ತದೆ, ನಿಮ್ಮ ಆ ಮೀಂಡನ್ನು ತಂದು ಅಲ್ಲಿ ಇಡಿ. ಅದು ಬಿಸಾಡುವ ಮೀಂಡಲ್ಲ, ಇಡೀ ರಚನೆಯಲ್ಲಿ ನನಗೆ ಬಹಳ ಹಿಡಿಸಿದ ಸ್ವರಗುಚ್ಛವೇ ಅದು. ಜಾಗ ಮಾತ್ರ ತಪ್ಪಿದೆ.

ಇದು ನಿಮ್ಮೊಬ್ಬರ ಹಾಡಿನ ಮಾತಲ್ಲ. ಈ ಗುಂಪಿಗೆ ಬರುವ ಹೆಚ್ಚಿನ ರಚನೆಗಳಲ್ಲಿ ಹ್ರಸ್ವಾಕ್ಷರಗಳನ್ನು ಪದದ ಮೊದಲಲ್ಲೇ ಎಳೆಯಲಾಗುತ್ತಿದೆ. ‘ಕೊಡು’ ಎನ್ನುವುದು ‘ಕೋಡು’ ಆಗುತ್ತದೆ, ‘ಬಿಡು’ ಎನ್ನುವುದು ‘ಬೀಡು’ ಆಗುತ್ತದೆ. ಪದದ ಕೊನೆಯ ಅಕ್ಷರವನ್ನು ಎಳೆದರೆ ಕನ್ನಡದ ಕಿವಿ ಕ್ಷಮಿಸುತ್ತದೆ, ಮೊದಲ ಅಕ್ಷರವನ್ನು ಎಳೆದರೆ ಕ್ಷಮಿಸುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಹಾಡಿದ ವಚನಗಳನ್ನು ರಾಗಕ್ಕಾಗಿ ಮಾತ್ರ ಕೇಳದೆ, ಮಾತು ಎಲ್ಲಿ ಮುರಿಯುತ್ತದೆ, ಉಸಿರು ಎಲ್ಲಿ ಬೀಳುತ್ತದೆ ಎಂದು ಗಮನವಿಟ್ಟು ಕೇಳಿ. ವಚನಕ್ಕೆ ಛಂದಸ್ಸಿನ ಕಟ್ಟು ಇಲ್ಲದ್ದರಿಂದ ಎಲ್ಲಿ ನಿಲ್ಲಬೇಕೆಂಬುದನ್ನು ಹಾಡುವವನೇ ನಿರ್ಧರಿಸಬೇಕಾಗುತ್ತದೆ. ಅದನ್ನು ಕಲಿಯಲು ಅವರ ಗಾಯನದಷ್ಟು ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ.

ಛಂದಸ್ಸು ಇರುವಲ್ಲಿ ಕೆಲಸ ಸುಲಭ. ಗದಗಿನ ವೀರನಾರಾಯಣನನ್ನು ನೆನೆದು ಕುಮಾರವ್ಯಾಸ ಬರೆದ ಭಾಮಿನಿ ಷಟ್ಪದಿಯ ನಡೆ ಮೂರು-ನಾಲ್ಕು ಮಾತ್ರೆಗಳದು, ನಮ್ಮ ಹಿಂದುಸ್ತಾನಿ ರೂಪಕ ತಾಳದ ಏಳು ಮಾತ್ರೆಗೆ ಅದು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂಡುತ್ತದೆ. ಚಿಕ್ಕ ಸಾಲುಗಳಿಗೆ 14 ಮಾತ್ರೆ, ಅಂದರೆ ಎರಡು ಆವರ್ತನ. ಮೂರನೆಯ ಮತ್ತು ಆರನೆಯ ಸಾಲಿಗೆ 23 ಮಾತ್ರೆ ಬರುವುದರಿಂದ ಮೂರು ಆವರ್ತನ ಮುಗಿದು ನಾಲ್ಕನೆಯದರಲ್ಲಿ ಎರಡು ಮಾತ್ರೆ ಮಾತ್ರ ತುಂಬುತ್ತದೆ, ಐದು ಉಳಿಯುತ್ತದೆ. ಆ ಐದನ್ನು ಬರಿದಾಗಿ ಬಿಡಿ, ಉಸಿರಾಡಿ. ಅದನ್ನು ತುಂಬಲೆಂದು ಆಲಾಪ ತುರುಕಿದವರ ಷಟ್ಪದಿ ಓಟವನ್ನೇ ಕಳೆದುಕೊಂಡದ್ದನ್ನು ಕೇಳಿದ್ದೇನೆ.

ಈಗ ನನ್ನ ಅನುಭವಕ್ಕೆ ಬರುತ್ತೇನೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆಂದು ಒಂದು ಹಾಡು ಕಟ್ಟಿ, ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಕೈಗೆ ಮೀರಿದ ದುಡ್ಡು ಸುರಿದು ವಾದ್ಯಗಳನ್ನು ಪದರ ಪದರವಾಗಿ ಕೂಡಿಸಿದ್ದೆ. ಸ್ಪೀಕರಿನಲ್ಲಿ ಕೇಳಿದವರೆಲ್ಲ ಮೆಚ್ಚಿದರು. ಆಮೇಲೆ ಧಾರವಾಡದಲ್ಲಿ ಸ್ನೇಹಿತರ ಮನೆಯ ಬೈಠಕ್ಕಿನಲ್ಲಿ ಅದೇ ಹಾಡನ್ನು ಪೇಟಿ (ಹಾರ್ಮೋನಿಯಂ) ಮತ್ತು ತಬಲಾದೊಂದಿಗೆ ಹಾಡಿದಾಗ ಪಲ್ಲವಿಗೂ ಚರಣಕ್ಕೂ ನಡುವೆ ಹಾಡೇ ಇರಲಿಲ್ಲ. ಪಲ್ಲವಿಗೆ ಮರಳುವ ದಾರಿಯನ್ನು ನಾನು ಕಟ್ಟಿಯೇ ಇರಲಿಲ್ಲ. ಸ್ಟುಡಿಯೋದಲ್ಲಿ ಪಿಟೀಲು ನುಡಿಸಿದವರು ಎರಡು ಆವರ್ತನದ ಸೇತುವೆ ಹಾಕಿ ಅದನ್ನು ಮುಚ್ಚಿದ್ದರು. ವಾದ್ಯ ಸಂಯೋಜನೆ ಚೆನ್ನಾಗಿದ್ದಷ್ಟೂ ರಚನೆಯ ದೋಷ ಚೆನ್ನಾಗಿ ಅಡಗಿಕೊಳ್ಳುತ್ತದೆ, ಅಭಿಪ್ರಾಯ ಕೇಳಿದಾಗ ಜನ ವಾದ್ಯಕ್ಕೆ ಅಂಕ ಕೊಟ್ಟು ಹೋಗುತ್ತಾರೆ.

ಅಂದಿನಿಂದ ನಾನು ಬಿಡದೆ ಅನುಸರಿಸುತ್ತಿರುವ ಒಂದು ಕ್ರಮವಿದೆ. ಹೊಸ ಪಲ್ಲವಿಯನ್ನು ಯಾರಿಗೂ ಧ್ವನಿಮುದ್ರಿಸಿ ಕಳಿಸುವುದಿಲ್ಲ. ಹಾಡಬಲ್ಲ ಒಬ್ಬರಿಗೆ ಫೋನಿನಲ್ಲಿ ಬಾಯಿಂದ ಬಾಯಿಗೆ ಹೇಳಿಕೊಡುತ್ತೇನೆ. ಅವರು ಅದನ್ನು ಬರೆದುಕೊಳ್ಳಬಾರದು, ಮುದ್ರಿಸಿಕೊಳ್ಳಬಾರದು. ಸರಿಯಾಗಿ ಬಂತೆಂದು ಇಬ್ಬರಿಗೂ ಅನಿಸಿದ ಮೇಲೆ ಫೋನ್ ಇಡುತ್ತೇನೆ. ಮರುದಿನ ಅವರು ಯಾವ ಶ್ರುತಿಯಲ್ಲಾದರೂ ಸರಿ, ನೆನಪಿನಿಂದ ಹಾಡಿ ನನಗೆ ಕಳಿಸಬೇಕು. ಅವರು ಕಳಿಸಿದ್ದನ್ನೂ ನನ್ನದನ್ನೂ ಪಕ್ಕಪಕ್ಕದಲ್ಲಿ ಸ್ವರಲಿಪಿಗೆ ಇಳಿಸಿ ನೋಡುತ್ತೇನೆ. ಎಲ್ಲಿ ಅವರು ಸಾಲನ್ನು ಬದಲಿಸಿದ್ದಾರೋ ಅಲ್ಲಿ ಸಾಮಾನ್ಯವಾಗಿ ನನ್ನ ರಾಗಕ್ಕೂ ಮಾತಿಗೂ ಜಗಳವಿರುತ್ತದೆ. ಹೇಳಿಕೊಟ್ಟ ಸಾಲಿನಲ್ಲಿ ಹ್ರಸ್ವವೊಂದನ್ನು ನಾನು ಎಳೆದಿದ್ದರೆ, ಮರುದಿನದ ಹೊತ್ತಿಗೆ ಅವರ ಬಾಯಿ ತಾನಾಗಿಯೇ ಅದನ್ನು ಮೊಟಕು ಮಾಡಿ, ಮಿಕ್ಕ ಮಾತ್ರೆಯನ್ನು ಮುಂದಿನ ಅಕ್ಷರಕ್ಕೆ ದಾಟಿಸಿರುತ್ತದೆ. ‘ಹೇಗಿದೆ’ ಎಂದು ಕೇಳಿದ್ದರೆ ಇದನ್ನು ಅವರು ಎಂದೂ ಹೇಳುತ್ತಿರಲಿಲ್ಲ, ಏಕೆಂದರೆ ಅವರಿಗೂ ಅದು ತಿಳಿದಿರುವುದಿಲ್ಲ. ನಮ್ಮ ಭಾಗದಲ್ಲಿ ಸಂಗೀತ ಉಳಿದದ್ದೇ ಹೀಗೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಹಾಡು ದಾಟಿಸಿದ್ದು ಬಾಯಿಂದ ಕಿವಿಗೆ. ಹಾಗೆ ದಾಟಲಾರದ ಪಲ್ಲವಿಯಲ್ಲಿ ಏನೋ ಕೊರತೆಯಿದೆ ಎಂದೇ ನಾನು ತಿಳಿಯುತ್ತೇನೆ.

ಆದರೆ ಈ ಕ್ರಮವನ್ನು ಕುರುಡಾಗಿ ನಂಬಬೇಡಿ. ಖ್ಯಾಲ್ (ಹಿಂದುಸ್ತಾನಿ ಶಾಸ್ತ್ರೀಯ ಗಾಯನ) ಕಲಿತ ಪಕ್ಕಾ ಗಾಯಕರಿಗೆ ಹೇಳಿಕೊಟ್ಟರೆ ಅವರು ತಿಳಿಯದೆಯೇ ನಿಮ್ಮ ರಚನೆಯನ್ನು ತಿದ್ದಿ ಹಾಡಿಬಿಡುತ್ತಾರೆ, ಆಗ ಎಲ್ಲವೂ ಚೆನ್ನಾಗಿದೆಯೆಂದೇ ತೋರುತ್ತದೆ. ಭಜನಾ ಮಂಡಳಿಯಲ್ಲಿ ಹಾಡುವವರು, ಶಾಲೆಯ ಪ್ರಾರ್ಥನೆ ಹಾಡಿಸುವವರು ಇದಕ್ಕೆ ಬಹಳ ಒಳ್ಳೆಯವರು. ಮನೆಯವರು ಬೇಡ; ನೀವು ಗುನುಗುವುದನ್ನು ಕೇಳಿ ಕೇಳಿ ಅವರಿಗೆ ಆಗಲೇ ಬಂದಿರುತ್ತದೆ. ಒಬ್ಬರೇ ಬದಲಿಸಿದ್ದರೆ ಅದು ಅವರ ಮರೆವು ಇರಬಹುದು, ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಒಂದೇ ಜಾಗದಲ್ಲಿ ಬದಲಿಸಿದ್ದರೆ ಮಾತ್ರ ಕೈ ಹಾಕಿ. ಒಂದು ವಿಶೇಷ ಕಂಠಕ್ಕಾಗಿಯೇ ಕಟ್ಟಿದ, ತಾನ್‌ಗಳಿರುವ (ವೇಗದ ಸ್ವರಸರಣಿಗಳಿರುವ) ರಚನೆಗೆ ಈ ಪರೀಕ್ಷೆ ನ್ಯಾಯ ಒದಗಿಸುವುದಿಲ್ಲ. ಚರಣಗಳಿಗೂ ಇದನ್ನು ಬಳಸಬೇಡಿ, ನೆನಪಿನ ಭಾರ ಹೆಚ್ಚಾಗಿ ಫಲಿತಾಂಶ ಗೊಂದಲವಾಗುತ್ತದೆ.

ಕೀಬೋರ್ಡಿನ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕಾಗಿದೆ. ನಿಮ್ಮ ಧ್ವನಿಮುದ್ರಣದಲ್ಲಿ ಎಡಗೈಯ ಆಟೋ ಕಾರ್ಡ್, ಅಂದರೆ ಒಂದು ಮನೆ ಒತ್ತಿದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಏರ್ಪಾಡು, ಓಡುತ್ತಿದೆ. ಕ್ಯಾಸಿಯೋ ಇರಲಿ, ಯಮಹಾ ಇರಲಿ, ಆ ವ್ಯವಸ್ಥೆಯಲ್ಲಿ ಒಂದೇ ಬೆರಳಿನಿಂದ ಷಡ್ಜದ ಮನೆ ಒತ್ತಿದರೆ ಮೇಜರ್ ಕಾರ್ಡ್ ನುಡಿಯುತ್ತದೆ, ಅದರೊಳಗೆ ಶುದ್ಧ ಗಾಂಧಾರವಿರುತ್ತದೆ. ನೀವು ಮೇಲೆ ಅದಕ್ಕಿಂತ ಒಂದು ಮನೆ ತಗ್ಗಿನ, ಭೀಮಪಲಾಸದ ಕೋಮಲ ಗಾಂಧಾರ ಹಚ್ಚುತ್ತಿದ್ದೀರಿ, ಕೆಳಗೆ ಯಂತ್ರ ಶುದ್ಧ ಗಾಂಧಾರ ಹಿಡಿದು ಕೂತಿದೆ. ಎರಡನೇ ಚರಣದಲ್ಲಿ ನಿಮ್ಮ ದನಿ ತುಸು ಏರಿದಂತೆ ಕೇಳುವುದಕ್ಕೆ ಇದೇ ಕಾರಣವೆಂದು ನನಗನಿಸುತ್ತದೆ. ರಚನೆ ಮಾಡುವಾಗ ಕೀಬೋರ್ಡನ್ನು ಮುಚ್ಚಿಡಿ. ಮಿರಜದ ತಂಬೂರಿ ಮನೆಯಲ್ಲಿದ್ದರೆ ಭಾಗ್ಯ. ಇಲ್ಲದಿದ್ದರೆ ತಂಬೂರಿಯ ನಾದ ಕೊಡುವ ರಾಡೆಲ್ ಪೆಟ್ಟಿಗೆ ಸಾಕು, ಫೋನಿನಲ್ಲಿ ಐತಬಲಾ ಪ್ರೋ ಆ್ಯಪ್ ಹಾಕಿಕೊಂಡರೂ ಆದೀತು. ಪೇಟಿಯನ್ನೂ ನಾನು ರಚನೆಯ ಹೊತ್ತಿನಲ್ಲಿ ದೂರವಿಡುತ್ತೇನೆ, ಏಕೆಂದರೆ ಬೆರಳು ತನಗೆ ರೂಢಿಯಾದ ಹಾದಿಯಲ್ಲೇ ಓಡುತ್ತದೆ, ಎಲ್ಲ ಹಾಡೂ ಒಂದೇ ಧಾಟಿಗೆ ತಿರುಗುತ್ತದೆ.

ಧ್ವನಿಮುದ್ರಣಕ್ಕೆ ದುಬಾರಿ ಮೈಕು ಕೊಳ್ಳಲು ಹೋಗಬೇಡಿ. ಫ್ಯಾನ್ ನಿಲ್ಲಿಸಿ, ಬರಿಗೋಡೆಯ ಮೇಲೆ ಒಂದೆರಡು ಕೌದಿ ಇಳಿಬಿಟ್ಟು, ಫೋನನ್ನು ಬಾಯಿಂದ ಒಂದು ಮೊಳ ದೂರ, ಸ್ವಲ್ಪ ಓರೆಯಾಗಿ ಇಟ್ಟು ಹಾಡಿದರೆ ಅಕ್ಷರಗಳು ಸ್ಪಷ್ಟವಾಗಿ ಬರುತ್ತವೆ. ಕತ್ತರಿಸಿ ಜೋಡಿಸಲು ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ನಮ್ಮ ಕೆಲಸಕ್ಕೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸಿದರೆ ಸೂಕ್ಷ್ಮಗಳೆಲ್ಲ ನುಣುಪಾಗಿ ಅಳಿಸಿಹೋಗುತ್ತವೆ, ಆದ್ದರಿಂದ ಡಾಕ್ಯುಮೆಂಟ್ ಎಂದು ಆರಿಸಿ ಕಡತವನ್ನೇ ಕಳಿಸಿ. ರಿವರ್ಬ್ ಹಚ್ಚಿದ್ದನ್ನು ಗುಂಪಿಗೆ ಹಾಕಲೇಬೇಡಿ. ಉಸಿರು ಎಲ್ಲಿ ತೆಗೆದಿದ್ದೀರಿ ಎಂಬುದೇ ಅದರಲ್ಲಿ ಕೇಳುವುದಿಲ್ಲ.

ಕೇಳುವ ಪ್ರಶ್ನೆಯೂ ಬದಲಾಗಬೇಕು. ‘ಹೇಗಿದೆ’ ಎಂಬುದಕ್ಕೆ ಸೌಜನ್ಯದ ಉತ್ತರ ಬಿಟ್ಟು ಬೇರೆ ಉತ್ತರವಿಲ್ಲ. ‘ಎರಡನೇ ಸಾಲಿನ ಮಾತು ಒಂದೇ ಸಲಕ್ಕೆ ತಿಳಿಯಿತೇ’, ‘ಪಲ್ಲವಿಗೆ ಮರಳುವುದು ಅವಸರವಾಯಿತೇ’ ಎಂದು ಕೇಳಿ, ಕವಿತೆಯನ್ನು ಮೊದಲು ಬರೆದು ಹಾಕಬೇಡಿ. ಓದಿದ ಮೇಲೆ ಕೇಳಿದವನಿಗೆ ಎಲ್ಲ ಮಾತೂ ಸ್ಪಷ್ಟವಾಗಿಯೇ ಕೇಳುತ್ತದೆ. ಉತ್ತರಿಸುವ ನಮ್ಮಲ್ಲಿಯೂ ದೊಡ್ಡ ತಪ್ಪಿದೆ. ಹೆಬ್ಬೆರಳು ಎತ್ತಿ ಹೋಗುವುದು ಒಂದು ಬಗೆ. ‘ಇದನ್ನು ಪಟದೀಪ ರಾಗಕ್ಕೆ ಬದಲಿಸಿ, ನಾನು ಹಾಡಿ ಕಳಿಸುತ್ತೇನೆ’ ಎಂದು ತಮ್ಮದೇ ಬೇರೆ ಹಾಡನ್ನು ಕಟ್ಟಿ ಹಾಕುವುದು ಇನ್ನೊಂದು ಬಗೆ, ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು, ಯಾವ ಅಕ್ಷರ, ಏನು ಕೇಳಿಸಿತು ಎಂದು ಬರೆದರೆ ಸಾಕು. ಪರಿಹಾರ ರಚಿಸಿದವರಿಗೆ ಬಿಟ್ಟದ್ದು. ನಾನು ಮೇಲೆ ತಾಳದ ಹಂಚಿಕೆ ಬರೆದದ್ದು ಕೂಡ ಒಂದು ದಾರಿ ಮಾತ್ರ. ಮಾಸ್ತರರಿಗೆ ಬೇರೆ ದಾರಿ ಹೊಳೆದರೆ ಅದನ್ನೇ ಹಿಡಿಯಲಿ.

ಇದೇ ಹಾಡಿನ ಕೆಳಗೆ ಗದಗಿನ ಅಕ್ಕನವರು ಬೇಂದ್ರೆಯವರ ಕವಿತೆಗೆ ರಾಗ ಹಾಕಿ ಯೂಟ್ಯೂಬಿಗೆ ಏರಿಸಬಹುದೇ ಎಂದು ಕೇಳಿದ್ದಾರೆ. ಮನೆಯಲ್ಲಿ ಕಟ್ಟಿ ಹಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಪ್ರಕಟಿಸುವುದಾದರೆ ಹಕ್ಕುದಾರರ ಅನುಮತಿ ಬೇಕು: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕವಿಯ ಹಕ್ಕು ಅವರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ, ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ 2041 ಮುಗಿಯುವವರೆಗೆ ಕೇಳಿಯೇ ಮುಂದುವರಿಯಬೇಕು. ಅದೇ ಕಾಯ್ದೆ ಸಂಗೀತವನ್ನು ಮಾತಿನಿಂದ ಬೇರೆಯಾದ ಕೃತಿಯೆಂದು ಎಣಿಸುವುದರಿಂದ ನಿಮ್ಮ ಧಾಟಿಯ ಹಕ್ಕು ನಿಮ್ಮದೇ. ಶಿಶುನಾಳ ಶರೀಫರು 1889ರಲ್ಲೇ ತೀರಿಕೊಂಡವರು, ಅವರ ಪದಗಳಿಗೆ ಈ ತೊಡಕಿಲ್ಲ; ಆದರೆ ನಮ್ಮೆಲ್ಲರ ಬಾಯಲ್ಲಿರುವ ಎಷ್ಟೋ ಧಾಟಿಗಳು ಸಿ. ಅಶ್ವಥ್ ಅವರ ಸಂಯೋಜನೆ, ಅವನ್ನು ಜಾನಪದವೆಂದು ತಿಳಿದು ಎತ್ತಿಕೊಳ್ಳಬೇಡಿ.

ಮಾಸ್ತರರೇ, ಮುಂದಿನ ಸಲ ತಂಬೂರಿಯ ಮೇಲೆ, ಬರೀ ತಬಲಾದ ಠೇಕಾದೊಂದಿಗೆ ಪಲ್ಲವಿಯನ್ನಷ್ಟೇ ಹಾಕಿ. ಲಯವನ್ನು ಈಗಿರುವುದಕ್ಕಿಂತ ಸ್ವಲ್ಪ ಇಳಿಸಿದರೆ ‘ದಂಡೆಯ’ ಎಂಬಲ್ಲಿ ನಾಲಿಗೆ ತೊಡರುವುದೂ ತಪ್ಪಬಹುದು. ಎರಡನೇ ಚರಣವನ್ನು ತಾರ ಷಡ್ಜದಿಂದ ಎತ್ತಿಕೊಂಡು ‘ಒಣಗಿದ ಬೇರು’ ಎಂಬಲ್ಲಿ ಪಂಚಮಕ್ಕೆ ಇಳಿದಿದ್ದೀರಲ್ಲ, ಯಾರು ಏನೇ ಹೇಳಿದರೂ ಅದನ್ನು ಮಾತ್ರ ಮುಟ್ಟಬೇಡಿ.