ಜಾಲ ಬದಲಾದರೂ ಲಾಗಿನ್ ಕಡಿಯಬಾರದು

ಪ್ರಶ್ನೆ: ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ ಸರ್ವರಿನಲ್ಲಿ ಕೆಲಸ ಮಾಡುತ್ತೇನೆ. ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟಿಗೆ ಹೋದರೆ ಟರ್ಮಿನಲ್ ಅಲ್ಲಾಡದೆ ನಿಲ್ಲುತ್ತದೆ, ನಡೆಯುತ್ತಿದ್ದ ಕೆಲಸವೂ ಹೋಗುತ್ತದೆ. ಏನು ಮಾಡಲಿ?

ಉತ್ತರ: ದೂರದ ಯಂತ್ರಕ್ಕೆ ಲಾಗಿನ್ ಆಗಿಸುವ ಎಸ್‌ಎಸ್‌ಎಚ್ ನಡೆಯುವುದು ಟಿಸಿಪಿ ಎಂಬ ಸಂಪರ್ಕ ವಿಧಾನದ ಮೇಲೆ. ಎರಡೂ ತುದಿಗಳ ಐಪಿ ವಿಳಾಸ, ಪೋರ್ಟ್ ಸೇರಿ ನಾಲ್ಕು ಅಂಶಗಳೇ ಟಿಸಿಪಿ ಸಂಪರ್ಕದ ಗುರುತು. ನಿಮ್ಮ ಐಪಿ ಬದಲಾಯಿತೆಂದರೆ ಆ ಸಂಪರ್ಕ ಮುಗಿದಂತೆಯೇ. ಸಂಪರ್ಕ ಬದುಕಿದೆಯೇ ಎಂದು ಆಗಾಗ ಕೇಳುವ ಕೀಪ್‌ಅಲೈವ್ ಹಾಕಿದರೆ ಸಾಕೆಂದು ಹಲವರು ನಂಬುತ್ತಾರೆ, ಸಾಲದು. ಸರ್ವರ್‌ಅಲೈವ್‌ಇಂಟರ್ವಲ್ (ಎಷ್ಟು ಸೆಕೆಂಡಿಗೊಮ್ಮೆ ಕೇಳಬೇಕು) 15, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ (ಉತ್ತರವಿಲ್ಲದೆ ಎಷ್ಟು ಸಲ ಕೇಳಬೇಕು) 3 ಎಂದಿಟ್ಟರೆ ಸತ್ತ ಸಂಪರ್ಕ ಸುಮಾರು 45 ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ, ಮತ್ತೆ ಜೀವ ಪಡೆಯುವುದಿಲ್ಲ. ಅಷ್ಟು ಕಾಯುವ ಬದಲು ಎಂಟರ್, ಟಿಲ್ಡೆ (~), ಚುಕ್ಕಿ ಇವನ್ನು ಒಂದರ ನಂತರ ಒಂದು ಒತ್ತಿ ಹೊರಬನ್ನಿ.

ಮೊದಲು ಕೆಲಸ ಉಳಿಯಬೇಕು. ಸರ್ವರಿನಲ್ಲಿ ಟೀಮಕ್ಸ್ (tmux, ಟರ್ಮಿನಲ್ ಕೆಲಸವನ್ನು ಹಿಡಿದಿಡುವ ತಂತ್ರಾಂಶ) ತೆರೆದು ಅದರೊಳಗೇ ಎಲ್ಲವನ್ನೂ ನಡೆಸಿ. ಸಂಪರ್ಕ ಹೋದರೂ ಅದು ಅಲ್ಲೇ ಓಡುತ್ತಿರುತ್ತದೆ, ಮತ್ತೆ ಲಾಗಿನ್ ಆಗಿ ಅಟ್ಯಾಚ್ ಮಾಡಿಕೊಳ್ಳಬಹುದು. ಇದೊಂದನ್ನಂತೂ ಯಾರೂ ಬಿಡಬಾರದು.

ಲಾಗಿನ್ನೇ ಕಡಿಯಬಾರದೆಂದರೆ ಮೋಶ್ (mosh) ಎಂಬ ತಂತ್ರಾಂಶ ಬಳಸಿ. ಎರಡೂ ಯಂತ್ರಗಳಲ್ಲಿ ಹಾಕಿಕೊಳ್ಳಬೇಕು. ಅದು ಎಸ್‌ಎಸ್‌ಎಚ್‌ನಿಂದ ಒಳಹೊಕ್ಕು, ಆಮೇಲೆ ಟಿಸಿಪಿಯಂತೆ ಸ್ಥಿರ ಸಂಪರ್ಕ ಬೇಡದ ಯುಡಿಪಿಗೆ ಹೊರಳುತ್ತದೆ. ಹೊಸ ವಿಳಾಸದಿಂದ ಸರಿಯಾದ ಪ್ಯಾಕೆಟ್ ಬಂದರೆ ಸರ್ವರ್ ಉತ್ತರವನ್ನು ಅಲ್ಲಿಗೇ ಕಳಿಸುತ್ತದೆ. ಲಾಗಿನ್ ಆಗಿಯೂ ಪರದೆ ಖಾಲಿಯಿದ್ದರೆ ಫೈರ್‌ವಾಲ್ ನೋಡಿ: ಯುಡಿಪಿ ಪೋರ್ಟ್ 60000ರಿಂದ 61000 ತೆರೆದಿರಬೇಕು. ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಎರಡೂ ಕಡೆ ಯುಟಿಎಫ್-8 ಇರಲಿ. ಮೋಶ್‌ನಲ್ಲಿ ಹಿಂದಕ್ಕೆ ಸ್ಕ್ರೋಲ್ ಮಾಡಲಾಗದು, ಪೋರ್ಟ್ ಫಾರ್ವರ್ಡಿಂಗೂ (ಬೇರೆ ಸೇವೆಗಳ ಸಂಚಾರವನ್ನು ಇದೇ ಸಂಪರ್ಕದಲ್ಲಿ ಸಾಗಿಸುವುದು) ಇಲ್ಲ. ಮೊದಲನೆಯದಕ್ಕೆ ಒಳಗೆ ಟೀಮಕ್ಸ್ ಸಾಕು.

ಫಾರ್ವರ್ಡಿಂಗ್ ಬೇಕಿದ್ದವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ (ಎರಡು ಯಂತ್ರಗಳ ನಡುವಿನ ಖಾಸಗಿ ಸುರಂಗ) ಸರಿ. ಸುರಂಗದೊಳಗಿನ ವಿಳಾಸ ಬದಲಾಗದ ಕಾರಣ ಅದರೊಳಗಿನ ಎಸ್‌ಎಸ್‌ಎಚ್‌ಗೆ ಜಾಲ ಬದಲಾದದ್ದು ತಿಳಿಯುವುದೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25 ಎಂದಿಡಿ, ಹೊಸ ವಿಳಾಸ ಸರ್ವರಿಗೆ ಬೇಗ ಗೊತ್ತಾಗುತ್ತದೆ. ಲಾಗಿನ್ ಆಗಬೇಕಾದ್ದು ಸುರಂಗದ ವಿಳಾಸಕ್ಕೆ. ಸಾರ್ವಜನಿಕ ಐಪಿ ಕೊಟ್ಟರೆ ಹಳೆಯ ಗೋಳೇ. ಇಲ್ಲಿ 45 ಸೆಕೆಂಡಿನ ಮಿತಿ ತೊಂದರೆ ಕೊಡುತ್ತದೆ, ಜಾಲ ಸಿಗಲು ತಡವಾದರೆ ಬದುಕಿದ್ದ ಸಂಪರ್ಕವನ್ನೂ ಅದು ಕಡಿಯುತ್ತದೆ. ಕೌಂಟ್‌ಮ್ಯಾಕ್ಸನ್ನು 20ಕ್ಕೆ ಏರಿಸಿ. ಸರ್ವರೂ ಹೀಗೆಯೇ ಕಡಿಯಬಹುದು, ಅದರ ಕ್ಲೈಂಟ್‌ಅಲೈವ್ ಸಾಲುಗಳನ್ನೂ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿಗೇ ಬೇರೆಯವರು ಲಾಗಿನ್ ಆಗಬೇಕು. ಜಾಲ ಬದಲಾದ ಮೇಲೆ ಎಸ್‌ಎಸ್‌ಎಚ್ ಸೇವೆ ಸಿಗುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಏಳುವುದೂ ಇಲ್ಲ.

ಉತ್ತರ: ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್ ಸೇವೆ) ಕಾನ್ಫಿಗ್ ಕಡತದಲ್ಲಿ ಲಿಸನ್‌ಅಡ್ರೆಸ್ ಸಾಲಿಗೆ ಹಳೆಯ ಐಪಿ ಬರೆದಿದೆಯೇ ನೋಡಿ. ಯಂತ್ರದಲ್ಲಿಲ್ಲದ ವಿಳಾಸಕ್ಕೆ ಸೇವೆ ಅಂಟಿಕೊಳ್ಳಲಾರದು. ಆ ಸಾಲು ತೆಗೆದರೆ ಎಲ್ಲ ವಿಳಾಸಗಳಲ್ಲೂ ಕೇಳಿಸಿಕೊಳ್ಳುತ್ತದೆ. ಯಾರು ಒಳಬರಬಹುದೆಂಬುದನ್ನು ಫೈರ್‌ವಾಲಿನಲ್ಲಿ ನಿರ್ಧರಿಸಿ, ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀಲಿ ಮಾತ್ರ ಉಳಿಸಿ.